ಆರು ಚುಕ್ಕೆಗಳು ತರಗತಿಗೆ ಬಂದ ಬಗೆ

ವಿಕಲಚೇತನ ಮಕ್ಕಳೂ ಉಳಿದ ಮಕ್ಕಳೊಡನೆ ಒಂದೇ ತರಗತಿಯಲ್ಲಿ ಕುಳಿತು ಕಲಿಯಬೇಕೆಂಬ ವಿಚಾರ ಇಂದು ಕಾನೂನಿನ ಮಾತೂ ಆಗಿದೆ. ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆಯು ನಿಗದಿತ ಪ್ರಮಾಣದ ವೈಕಲ್ಯವುಳ್ಳ ವಿದ್ಯಾರ್ಥಿಗಳಿಗೆ ಹದಿನೆಂಟು ವರ್ಷದವರೆಗೆ ಪುಸ್ತಕಗಳನ್ನೂ ಸೂಕ್ತ ಸಹಾಯಕ ಸಾಧನಗಳನ್ನೂ ಉಚಿತವಾಗಿ ಒದಗಿಸಬೇಕೆಂದು ಹೇಳುತ್ತದೆ. ಸಾಧನವೊಂದು ಶಾಲೆಯ ಬಾಗಿಲಿಗೆ ಬಂದರೆ ಅರ್ಧ ಕೆಲಸ ಮುಗಿಯಿತೆಂದು ನಾವು ಭಾವಿಸುತ್ತೇವೆ. ಇತಿಹಾಸ ಹೇಳುವುದು ಬೇರೆ. ಸಾಧನ ಹುಟ್ಟಿದ ಮೇಲೂ ಅದು ತರಗತಿಯ ಒಳಗೆ ಕಾಲಿಡಲು ಅಧ್ಯಾಪಕನ ಒಪ್ಪಿಗೆ ಬೇಕು. ಆ ಒಪ್ಪಿಗೆಗಾಗಿ ಬ್ರೈಲ್ ಲಿಪಿ ಎಷ್ಟು ಕಾಯಬೇಕಾಯಿತೆಂಬುದನ್ನು ಇಲ್ಲಿ ಹೇಳಬಯಸುತ್ತೇನೆ.

ಪ್ಯಾರಿಸ್ ನಗರದಲ್ಲಿ ವ್ಯಾಲೆಂಟಿನ್ ಹೌಯಿ ಎಂಬ ಮಹನೀಯರು ೧೭೮೫ರ ಸುಮಾರಿಗೆ ಅಂಧ ಮಕ್ಕಳಿಗಾಗಿ ಶಾಲೆಯೊಂದನ್ನು ಆರಂಭಿಸಿದರು. ಕಣ್ಣಿಲ್ಲದವನೂ ಓದಬಲ್ಲನೆಂದು ನಂಬಿದ್ದೇ ಆ ಕಾಲಕ್ಕೆ ದೊಡ್ಡ ಸಾಹಸ. ದಪ್ಪ ಕಾಗದದ ಮೇಲೆ ರೋಮನ್ ಅಕ್ಷರಗಳನ್ನು ಉಬ್ಬಿಸಿ ಅವರು ಪುಸ್ತಕಗಳನ್ನು ಮಾಡಿಸಿದರು. ಮಕ್ಕಳು ಬೆರಳಿನಿಂದ ಒಂದೊಂದೇ ಅಕ್ಷರದ ಆಕಾರವನ್ನು ತಡವಿ ಗುರುತಿಸಬೇಕಿತ್ತು. ಪುಸ್ತಕಗಳು ಹೊರಲಾರದಷ್ಟು ಭಾರ, ಓದು ಬಹು ನಿಧಾನ. ಎಲ್ಲಕ್ಕಿಂತ ಮುಖ್ಯವಾಗಿ, ಆ ಅಕ್ಷರಗಳನ್ನು ಮಗು ತಾನೇ ಬರೆದು ತಾನೇ ಓದಿಕೊಳ್ಳುವಂತಿರಲಿಲ್ಲ. ಆದರೂ ಅದೇ ಪದ್ಧತಿ ದಶಕಗಳ ಕಾಲ ನಡೆಯಿತು. ಆ ಅಕ್ಷರಗಳನ್ನು ಕಣ್ಣುಳ್ಳ ಅಧ್ಯಾಪಕರು ಸಲೀಸಾಗಿ ಓದಬಲ್ಲವರಾಗಿದ್ದರು ಎಂಬುದು ಇದಕ್ಕೆ ಮುಖ್ಯ ಕಾರಣವೆಂದು ನಾನು ತಿಳಿಯುತ್ತೇನೆ.

ಇದೇ ಶಾಲೆಗೆ ೧೮೧೯ರಲ್ಲಿ ಲೂಯಿ ಬ್ರೈಲ್ ಎಂಬ ಹತ್ತು ವರ್ಷದ ಹುಡುಗ ಬಂದು ಸೇರಿದ. ಕೂಪ್‌ವ್ರೇ ಎಂಬ ಹಳ್ಳಿಯಲ್ಲಿ ಕುದುರೆಗಳಿಗೆ ಜೀನು, ಲಗಾಮು ಮಾಡುತ್ತಿದ್ದವನ ಮಗ ಅವನು. ಮೂರು ವರ್ಷದವನಿದ್ದಾಗ ತಂದೆಯ ಕಾರ್ಯಾಗಾರದಲ್ಲಿ ಚರ್ಮಕ್ಕೆ ತೂತು ಹಾಕುವ ಚೂಪಾದ ಉಪಕರಣ ಒಂದು ಕಣ್ಣಿಗೆ ಚುಚ್ಚಿತು. ಸೋಂಕು ಇನ್ನೊಂದು ಕಣ್ಣಿಗೂ ಹರಡಿ ಎರಡೂ ಹೋದವು. ಅವನು ಶಾಲೆಯಲ್ಲಿದ್ದಾಗ ೧೮೨೧ರ ಸುಮಾರಿಗೆ ಶಾರ್ಲ್ ಬಾರ್ಬಿಯೇ ಎಂಬುವರ ಚುಕ್ಕೆಗಳ ಬರವಣಿಗೆ ಅಲ್ಲಿಗೆ ಬಂದಿತು. ಹನ್ನೆರಡು ಚುಕ್ಕೆಗಳ ಆ ಪದ್ಧತಿ ಧ್ವನಿಗಳನ್ನು ಸೂಚಿಸುತ್ತಿತ್ತೇ ಹೊರತು ಕಾಗುಣಿತವನ್ನಲ್ಲ. ಒಂದು ಚಿಹ್ನೆ ಬೆರಳ ತುದಿಯಡಿ ಪೂರ್ತಿ ಹಿಡಿಯುತ್ತಲೂ ಇರಲಿಲ್ಲ. ಬೆರಳಿನ ಈ ಕಷ್ಟವನ್ನು ಸ್ವತಃ ಅನುಭವಿಸಿದ ಬಾಲಕನೇ ಪರಿಹಾರವನ್ನೂ ಕಂಡುಹಿಡಿದ. ೧೮೨೪ರ ಹೊತ್ತಿಗೆ, ಹದಿನೈದರ ವಯಸ್ಸಿನಲ್ಲಿ, ಚುಕ್ಕೆಗಳನ್ನು ಆರಕ್ಕೆ ಇಳಿಸಿ ಹೊಸ ಲಿಪಿಯನ್ನು ರೂಪಿಸಿದ. ಆರು ಚುಕ್ಕೆಗಳಿಂದ ಅರವತ್ತಮೂರು ಚಿಹ್ನೆಗಳಾಗುತ್ತವೆ. ೧೮೨೯ರಲ್ಲಿ ಅದು ಪುಸ್ತಕರೂಪದಲ್ಲಿ ಪ್ರಕಟವಾಯಿತು.

ಇಷ್ಟಾದ ಮೇಲೆ ಶಾಲೆ ಅದನ್ನು ಸಂಭ್ರಮದಿಂದ ಸ್ವೀಕರಿಸಿತೆಂದು ನೀವು ಊಹಿಸಬಹುದು. ಹಾಗಾಗಲಿಲ್ಲ. ೧೮೪೦ರಲ್ಲಿ ಬಂದ ಹೊಸ ಮುಖ್ಯಸ್ಥರು ಚುಕ್ಕೆಗಳ ಲಿಪಿಯನ್ನು ಕೈಬಿಟ್ಟು ಮತ್ತೆ ಉಬ್ಬು ಅಕ್ಷರಗಳತ್ತ ಹೊರಳಿದರು. ಕಣ್ಣುಳ್ಳವರಿಗೆ ತಿಳಿಯದ ಲಿಪಿಯನ್ನು ಕಲಿಸಿದರೆ ಅಂಧರು ಸಮಾಜದಿಂದ ಬೇರೆಯಾಗಿಬಿಡುತ್ತಾರೆಂಬುದು ಅಂದಿನ ವಿರೋಧಿಗಳ ವಾದವಾಗಿತ್ತು. ಮಾತು ಸಹಾನುಭೂತಿಯದ್ದೇ, ಫಲ ಮಾತ್ರ ಕ್ರೂರ. ವಿದ್ಯಾರ್ಥಿಗಳು ಆ ಲಿಪಿಯನ್ನು ಬಿಡಲಿಲ್ಲ. ಮರೆಯಲ್ಲಿ ತಾವೇ ಬರೆದರು, ತಾವೇ ಓದಿದರು, ಕಿರಿಯರಿಗೆ ಕಲಿಸಿದರು. ೧೮೪೪ರಲ್ಲಿ ಶಾಲೆಯ ಹೊಸ ಕಟ್ಟಡದ ಉದ್ಘಾಟನೆಯಂದು ಆ ಲಿಪಿಯನ್ನು ಸಾರ್ವಜನಿಕವಾಗಿ ಪ್ರದರ್ಶಿಸಲಾಯಿತು. ಬ್ರೈಲ್ ೧೮೫೨ರಲ್ಲಿ ತೀರಿಕೊಂಡರು. ಫ್ರಾನ್ಸಿನಲ್ಲಿ ಅವರ ಲಿಪಿಗೆ ಅಧಿಕೃತ ಮನ್ನಣೆ ದೊರೆತದ್ದು ೧೮೫೪ರಲ್ಲಿ. ತನ್ನ ಲಿಪಿ ಗೆದ್ದುದನ್ನು ಕೇಳಲು ಅವರು ಇರಲಿಲ್ಲ.

ಬೇರೆಯಾಗಿಬಿಡುತ್ತಾರೆಂಬ ಆಕ್ಷೇಪಕ್ಕೂ ಬ್ರೈಲ್ ಉತ್ತರ ಕೊಟ್ಟಿದ್ದರು. ಸಾಮಾನ್ಯ ಅಕ್ಷರಗಳ ಆಕಾರವನ್ನೇ ಚುಕ್ಕೆಗಳಿಂದ ಮೂಡಿಸುವ ಇನ್ನೊಂದು ಪದ್ಧತಿಯನ್ನು ೧೮೩೯ರಲ್ಲಿ ಅವರು ಪ್ರಕಟಿಸಿದರು. ಅಂಧನು ಬರೆದುದನ್ನು ಕಣ್ಣುಳ್ಳ ತಂದೆತಾಯಂದಿರೂ ಗೆಳೆಯರೂ ಓದಲೆಂಬುದು ಅದರ ಉದ್ದೇಶ. ಅಂಧ ಮಿತ್ರರಾದ ಪಿಯರ್ ಫೂಕೋ ಅದನ್ನು ಬರೆಯಲು ಯಂತ್ರವೊಂದನ್ನೇ ನಿರ್ಮಿಸಿದರು. ಸೇತುವೆಯನ್ನು ಕಟ್ಟುವ ಶ್ರಮವನ್ನೂ ಅಂಧರೇ ವಹಿಸಿಕೊಂಡರೆಂಬುದನ್ನು ಗಮನಿಸಿ.

ಕಿವುಡ ಮಕ್ಕಳ ವಿಷಯದಲ್ಲಿಯೂ ಇದೇ ಕಥೆ. ೧೮೮೦ರಲ್ಲಿ ಇಟಲಿಯ ಮಿಲಾನಿನಲ್ಲಿ ಸೇರಿದ ಅಧ್ಯಾಪಕರ ಸಮ್ಮೇಳನವು ಸನ್ನೆಭಾಷೆಯನ್ನು ಬದಿಗೊತ್ತಿ ತುಟಿಚಲನೆ ಮತ್ತು ಮಾತಿನ ಮೂಲಕವೇ ಕಲಿಸಬೇಕೆಂದು ನಿರ್ಣಯಿಸಿತು. ಮತ ಹಾಕಿದವರು ಬಹುತೇಕ ಎಲ್ಲರೂ ಕಿವಿ ಕೇಳುವವರು. ಆ ನಿರ್ಣಯಕ್ಕೆ ಅದೇ ಪರಂಪರೆಯ ಸಮ್ಮೇಳನವೊಂದು ವಿಷಾದ ಸೂಚಿಸಿದ್ದು ೨೦೧೦ರಲ್ಲಿ, ಕೆನಡಾದ ವ್ಯಾಂಕೂವರಿನಲ್ಲಿ. ನಡುವೆ ನೂರಮೂವತ್ತು ವರ್ಷಗಳು ಕಳೆದಿದ್ದವು.

ನಮ್ಮ ನಾಡಿಗೆ ಬಂದರೆ, ಮೈಸೂರಿನಲ್ಲಿ ಅಂಧ ಹಾಗೂ ಕಿವುಡ ಮಕ್ಕಳ ಶಾಲೆ ೧೯೦೧ರಲ್ಲಿಯೇ ಆರಂಭವಾಯಿತು. ಆಗ ಭಾರತದಲ್ಲಿ ಪ್ರಾಂತಕ್ಕೊಂದರಂತೆ ಬೇರೆ ಬೇರೆ ಬ್ರೈಲ್ ಸಂಕೇತಗಳಿದ್ದವು. ೧೯೫೧ರಲ್ಲಿ ಭಾರತೀ ಬ್ರೈಲ್ ರೂಪುಗೊಂಡು ಆ ಗೊಂದಲ ತಗ್ಗಿತು. ಇದರಲ್ಲಿ ನಮ್ಮ ಕಾಗುಣಿತವನ್ನು ಬಿಡಿಸಿ ಬರೆಯುತ್ತಾರೆ: 'ಕಾ' ಎಂದರೆ ಮೊದಲು ಒಂದು ಮತ್ತು ಮೂರನೆಯ ಚುಕ್ಕೆಗಳ 'ಕ', ಅದರ ಮುಂದೆ ಮೂರು, ನಾಲ್ಕು, ಐದನೆಯ ಚುಕ್ಕೆಗಳ 'ಆ'. ತಲೆಕಟ್ಟಿಲ್ಲ, ಕೊಂಬಿಲ್ಲ, ಅಕ್ಷರದ ಕೆಳಗೆ ಒತ್ತಿಲ್ಲ. ಬ್ರೈಲ್ ಸ್ಲೇಟಿನಲ್ಲಿ ಮೊನೆಯಿಂದ ಒತ್ತುವಾಗ ಬಲದಿಂದ ಎಡಕ್ಕೆ ಬರೆಯಬೇಕು. ಹಾಳೆಯನ್ನು ಮಗುಚಿ ಎಡದಿಂದ ಬಲಕ್ಕೆ ಓದಬೇಕು.

ನಾನು ಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ಇತಿಹಾಸ ಬೋಧಿಸುತ್ತಿದ್ದಾಗ ಇವಾವುವೂ ನಮ್ಮಲ್ಲಿರಲಿಲ್ಲ. ಆದರೆ ಮಂದದೃಷ್ಟಿಯ ಹುಡುಗನೊಬ್ಬನಿದ್ದ. ಮೊದಲ ಬೆಂಚಿನಲ್ಲಿ ಕುಳಿತರೂ ಕರಿಹಲಗೆ ಅವನಿಗೆ ಕಾಣುತ್ತಿರಲಿಲ್ಲ. ಹಲಗೆಯ ಮೇಲೆ ಬರೆಯುವ ಪ್ರತಿ ಸಾಲನ್ನೂ ಗಟ್ಟಿಯಾಗಿ ಉಚ್ಚರಿಸುತ್ತ ಬರೆಯುವುದನ್ನು ಆಗ ರೂಢಿಸಿಕೊಂಡೆ. ಭೂಪಟ ತೋರಿಸುವಾಗ 'ಇಲ್ಲಿ', 'ಅಲ್ಲಿ' ಎನ್ನುವುದನ್ನು ಬಿಟ್ಟು 'ತುಂಗಭದ್ರೆಯ ದಕ್ಷಿಣ ದಡದಲ್ಲಿ ಹಂಪೆ' ಎಂದು ದಿಕ್ಕುಸಹಿತ ಹೇಳತೊಡಗಿದೆ. ಹಳೆಯ ಭೂಪಟವೊಂದರ ನದಿಗಳ ಮೇಲೆ ಹುರಿಯನ್ನು ಗೋಂದಿನಿಂದ ಅಂಟಿಸಿದ್ದನ್ನು ನಿಮ್ಮಲ್ಲಿ ಕೆಲವರು ಮರೆತಿರಲಾರಿರಿ. ಅದನ್ನು ಮುಟ್ಟಿ ನೋಡಲು ಇಡೀ ತರಗತಿಯೇ ಮುಗಿಬೀಳುತ್ತಿತ್ತು! ಹಿಂದಿನ ಬೆಂಚಿನವರು, ಬರೆಯುವುದರಲ್ಲಿ ನಿಧಾನಿಗಳಾದವರು ಕೂಡ ಆ ವರ್ಷ ಭೂಪಟದ ಪ್ರಶ್ನೆಗಳಿಗೆ ಧೈರ್ಯದಿಂದ ಉತ್ತರಿಸಿದರು. ಒಬ್ಬನಿಗಾಗಿ ಮಾಡಿದ್ದು ಎಲ್ಲರಿಗೂ ಒದಗಿತು.

ಇಂದು ಪರದೆಯ ಮೇಲಿನ ಕನ್ನಡವನ್ನು ಓದಿ ಹೇಳುವ ತಂತ್ರಾಂಶಗಳಿವೆ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವನ್ನು ೨೦೦೬ರಲ್ಲಿ ಬರೆಯತೊಡಗಿದ ಆಸ್ಟ್ರೇಲಿಯದ ಮೈಕೆಲ್ ಕರನ್ ಸ್ವತಃ ಅಂಧರು. ಕಣ್ಣಿಗೆ ಪೊರೆ ಬಂದ ಮೇಲೆ ನಾನೂ ಮೊಬೈಲಿನಲ್ಲಿ ಲೇಖನಗಳನ್ನು ಓದಿಸಿಕೊಂಡು ಕೇಳುತ್ತೇನೆ. ಯಾರಿಗಾಗಿಯೋ ಹುಟ್ಟಿದ ಸಾಧನ ಮುಪ್ಪಿನಲ್ಲಿ ನನಗೂ ಊರುಗೋಲಾಯಿತು.

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಅಧ್ಯಾಪಕರಾಗಿದ್ದೀರಿ. ನಿಮ್ಮ ಶಾಲೆಗೆ ಬಂದ ಸಾಧನವನ್ನು ಬೀರುವಿನಲ್ಲಿ ಭದ್ರವಾಗಿ ಇಡಬೇಡಿ. ಮಗುವಿನ ಕೈಗೆ ಕೊಡಿ. ಇದು ನಿನಗೆ ಒಗ್ಗುತ್ತದೆಯೇ, ಇನ್ನೇನು ಬೇಕು ಎಂದು ಅವನನ್ನೇ, ಅವಳನ್ನೇ ಕೇಳಿ. ಪ್ಯಾರಿಸ್ಸಿನ ಆ ಶಾಲೆಯಲ್ಲಿ ಉತ್ತರ ಗೊತ್ತಿದ್ದದ್ದು ಹಿಂದಿನ ಬಾಗಿಲ ಮರೆಯಲ್ಲಿ ಚುಕ್ಕೆ ಒತ್ತುತ್ತಿದ್ದ ಹುಡುಗರಿಗೆ. ನಿಮ್ಮ ತರಗತಿಗಳಲ್ಲಿ ಇಂಥ ಪ್ರಯತ್ನಗಳು ನಡೆದಿದ್ದರೆ ದಯವಿಟ್ಟು ನನಗೆ ಬರೆದು ತಿಳಿಸಿ. ಓದಲು, ಅಲ್ಲ, ಕೇಳಲು ಕಾದಿರುತ್ತೇನೆ.