ಪ್ಯಾರಾಥೈರಾಯ್ಡ್ ಶಸ್ತ್ರಚಿಕಿತ್ಸೆಯ ನಂತರದ ಬದುಕು

ರಬಕವಿ-ಬನಹಟ್ಟಿಯ ನೇಕಾರರಿಗೆ, ಜಮಖಂಡಿ, ಮುಧೋಳ ಹಾಗೂ ಬೀಳಗಿ ಭಾಗದ ಕಬ್ಬು ಕಡಿಯುವವರಿಗೆ ಮೈಕೈ ನೋವು ಹೊಸದಲ್ಲ. ಅದನ್ನು ದುಡಿಮೆಯ ಫಲವೆಂದೋ ವಯಸ್ಸಿನ ದೋಷವೆಂದೋ ಸಹಿಸಿಕೊಳ್ಳುವುದು ರೂಢಿ. ಆದರೆ ಎಲುಬು ನೋವು, ಪದೇ ಪದೇ ಮೂತ್ರಪಿಂಡದ ಕಲ್ಲು, ಅತಿಯಾದ ಆಯಾಸ, ಖಿನ್ನತೆ, ಮಲಬದ್ಧತೆ ಜೊತೆಯಾಗಿ ಕಾಡಿದರೆ ಪ್ಯಾರಾಥೈರಾಯ್ಡ್ ಗ್ರಂಥಿಯ ಅತಿಸ್ರಾವವೂ ಕಾರಣವಾಗಿರಬಹುದು.

ರೋಗವೇನು?

ಕುತ್ತಿಗೆಯಲ್ಲಿ ಥೈರಾಯ್ಡ್ ಹಿಂದೆ ಅಕ್ಕಿಕಾಳಿನ ಗಾತ್ರದ ಸಾಮಾನ್ಯವಾಗಿ 4 ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ. ರಕ್ತದ ಕ್ಯಾಲ್ಸಿಯಂ ಪ್ರಮಾಣವನ್ನು ಕಾಯುವುದು ಇವುಗಳ ಕೆಲಸ. ಬಹುತೇಕ ರೋಗಿಗಳಲ್ಲಿ ಒಂದೇ ಗ್ರಂಥಿ, ಕ್ಯಾನ್ಸರ್ ಅಲ್ಲದ ಗಡ್ಡೆಯಾಗಿ ಬೆಳೆದು ಹಾರ್ಮೋನನ್ನು ಅತಿಯಾಗಿ ಸ್ರವಿಸುತ್ತದೆ. ಆಗ ಎಲುಬಿನ ಕ್ಯಾಲ್ಸಿಯಂ ರಕ್ತಕ್ಕೆ ಸೇರುತ್ತದೆ. ಇದಕ್ಕೆ ಹಾಲು, ಮೊಸರು ಕಾರಣವಲ್ಲ. ರಕ್ತದ ಕ್ಯಾಲ್ಸಿಯಂ ಮತ್ತು ಹಾರ್ಮೋನ್ ಪರೀಕ್ಷೆಗಳಿಂದ ರೋಗ ಪತ್ತೆಯಾಗುತ್ತದೆ.

ಮೊದಲ ವಾರ

ಗಡ್ಡೆ ತೆಗೆದ ಕೆಲವೇ ನಿಮಿಷಗಳಲ್ಲಿ ಹಾರ್ಮೋನ್ ಇಳಿಯುತ್ತದೆ. ಅಷ್ಟುಕಾಲ ಸೊರಗಿದ್ದ ಎಲುಬುಗಳು ಕ್ಯಾಲ್ಸಿಯಂ ಅನ್ನು ಹಸಿದಂತೆ ಹೀರಿಕೊಳ್ಳತೊಡಗುತ್ತವೆ. ಹೀಗಾಗಿ 2ರಿಂದ 4ನೇ ದಿನದ ಸುಮಾರಿಗೆ ತುಟಿ, ಬೆರಳ ತುದಿ ಜುಮುಗುಟ್ಟಬಹುದು. ವಿಟಮಿನ್ ಡಿ ಕೊರತೆ ಇರುವವರಲ್ಲಿ, ಎಲುಬು ಬಹಳ ಸವೆದವರಲ್ಲಿ ಈ ತೊಂದರೆ ಹೆಚ್ಚು. ವೈದ್ಯರು ಸೂಚಿಸಿದ ಮಾತ್ರೆಗಳನ್ನು ತಪ್ಪಿಸಬಾರದು. ಕೈಕಾಲು ಸೆಟೆದುಕೊಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ದೂರದ ನಗರದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಊರಿಗೆ ಮರಳುವವರು ಹತ್ತಿರದ ವೈದ್ಯರಿಗೆ ಮೊದಲೇ ವಿಷಯ ತಿಳಿಸಿಡುವುದು ಕ್ಷೇಮ.

ಮುಂದಿನ ತಿಂಗಳುಗಳು

ಉಳಿದ ಗ್ರಂಥಿಗಳು ಕ್ರಮೇಣ ಕೆಲಸಕ್ಕೆ ಮರಳುವುದರಿಂದ ಹೆಚ್ಚಿನವರಿಗೆ ಜೀವನಪರ್ಯಂತ ಮಾತ್ರೆ ಬೇಕಾಗುವುದಿಲ್ಲ. ವಾರ, ತಿಂಗಳುಗಳಲ್ಲಿ ಎಲುಬು ನೋವು ತಗ್ಗಿ ಸ್ನಾಯುಗಳಿಗೆ ಬಲ ಬರುತ್ತದೆ. ಅನೇಕರಲ್ಲಿ ಆಯಾಸ ಮತ್ತು ಖಿನ್ನತೆಯೂ ಕಡಿಮೆಯಾಗುತ್ತವೆ. ಆದರೆ ಎಲ್ಲರಿಗೂ ಒಂದೇ ಪ್ರಮಾಣದ ಗುಣ ಕಾಣದು. ಎಲುಬಿನ ಸಾಂದ್ರತೆ ಹೆಚ್ಚಲು ವರ್ಷಗಳೇ ಬೇಕು. ಆದ್ದರಿಂದ ನೋವು ಹೋಯಿತೆಂದು ಕಬ್ಬಿನ ಹೊರೆ ಹೊರುವ ಮುನ್ನ ವೈದ್ಯರ ಸಲಹೆ ಅವಶ್ಯ. ಹೊಸ ಕಲ್ಲುಗಳ ಸಂಭವ ತಗ್ಗಿದರೂ ಹಳೆಯ ಕಲ್ಲುಗಳು ತಾವಾಗಿ ಕರಗುವುದಿಲ್ಲ. ಹಾನಿಗೊಂಡ ಮೂತ್ರಪಿಂಡ ಪೂರ್ಣ ಚೇತರಿಸಿಕೊಳ್ಳದಿರಬಹುದು. ಬೇಗ ಪತ್ತೆ ಮಾಡಬೇಕೆನ್ನುವುದು ಇದಕ್ಕಾಗಿಯೇ.

ತಪಾಸಣೆ ಏಕೆ?

1925ರಲ್ಲಿ ವಿಯೆನ್ನಾದ ಫೆಲಿಕ್ಸ್ ಮಾಂಡಲ್ ಟ್ರಾಮ್ ನೌಕರನೊಬ್ಬನ ಕುತ್ತಿಗೆಯಿಂದ ಇಂಥ ಗಡ್ಡೆ ತೆಗೆದರು. ಆತನ ಎಲುಬು ನೋವು ಇಳಿಯಿತು. ಆದರೆ ಕೆಲವು ವರ್ಷಗಳ ನಂತರ ರೋಗ ಮರುಕಳಿಸಿತು. ಇಂದು ಅನುಭವಿ ತಜ್ಞರ ಕೈಯಲ್ಲಿ ಶೇ 95ಕ್ಕೂ ಹೆಚ್ಚು ರೋಗಿಗಳು ಗುಣವಾಗುತ್ತಾರೆ. 6 ತಿಂಗಳ ಬಳಿಕವೂ ಕ್ಯಾಲ್ಸಿಯಂ ಸಹಜವಾಗಿದ್ದರೆ ಮಾತ್ರ ರೋಗ ವಾಸಿಯಾಯಿತೆಂದು ಪರಿಗಣಿಸಲಾಗುತ್ತದೆ. ಆಮೇಲೂ ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸುವುದು ಒಳಿತು.