ಗಾಡಿ ನಿಂತಲ್ಲಿ ಹುಟ್ಟಿದ ಊರು

ನನ್ನ ಅಪ್ಪ ಕ್ಯಾಸಲ್‌ರಾಕ್‌ನಲ್ಲಿ ಕೀಮನ್ ಆಗಿದ್ದರು. ಹೆಗಲ ಮೇಲೆ ಸುತ್ತಿಗೆ, ತಲೆಯ ಮೇಲೆ ಕಂಬಳಿ ಕೊಪ್ಪೆ. ನಸುಕಿನಲ್ಲೇ ಹಳಿ ಹಿಡಿದು ಹೊರಟುಬಿಡುವರು. ಹಳಿಗೆ ಒಂದು ಪೆಟ್ಟು ಕೊಟ್ಟು ಸದ್ದು ಕೇಳಿದರೆ ಸಾಕು, ಯಾವ ಕೀಲಿ ಸಡಿಲಾಗಿದೆ ಎಂದು ಅವರಿಗೆ ತಿಳಿಯುತ್ತಿತ್ತು. ಊರಿನ ಹುಟ್ಟಿನ ಬಗ್ಗೆ ಕೇಳಿದರೆ ಅವರದು ಒಂದೇ ಮಾತು: "ಊರು ಕಟ್ಟಬೇಕಂತ ಇಲ್ಲಿ ಯಾರೂ ಬರಲಿಲ್ಲ ನನ್ನವ್ವಾ. ಗಾಡಿ ನಿಲ್ಲಸಾಕ ಬಂದ್ರು, ತಾವೂ ನಿಂತ್ರು."

ಆ ಗಾಡಿ ನಮ್ಮ ಕಾಡಿಗೆ ಬಂದದ್ದು ಹತ್ತಿಯ ದೆಸೆಯಿಂದ. ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆಯ ಬಂದರಿಗೆ ಹೋಗುತ್ತಿತ್ತು. ಕಾರವಾರವನ್ನು ದೊಡ್ಡ ಬಂದರು ಮಾಡಿ ಅಲ್ಲಿಂದ ಹುಬ್ಬಳ್ಳಿಗೆ ರೈಲು ಹಾಕುವ ಮಾತು ಬಹಳ ದಿನ ನಡೆಯಿತು. ಕೊನೆಗೆ ಆ ಭಾಗ್ಯ ಪಾಲಾದದ್ದು ಪೋರ್ಚುಗೀಸರ ಮರ್ಮಗೋವಾ ಬಂದರಿಗೆ. 1878ರಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಒಪ್ಪಂದ ಮಾಡಿಕೊಂಡರು. ಎರಡೂ ರಾಜ್ಯಗಳ ನಡುವಿನ ಸುಂಕ ಎತ್ತಿಹಾಕುವುದು, ಗೋವೆಯ ಉಪ್ಪಿನ ಹಿಡಿತ ಬ್ರಿಟಿಷರಿಗೆ ಬಿಡುವುದು, ಬಂದರಿನಿಂದ ಗಡಿಯವರೆಗೆ ರೈಲು ಕಟ್ಟುವುದು. ಉಪ್ಪಿನ ಗದ್ದೆ ನಂಬಿ ಬದುಕಿದ್ದ ಗೋವೆಯ ಬಡವರು ಈ ರೈಲಿಗೆ ತೆತ್ತ ಬೆಲೆಯನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕೆಳಗಿನಿಂದ ಹಳಿ ಹಾಸುತ್ತ ಬಂದದ್ದು ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ ಕಂಪನಿ. ಮೇಲಿನಿಂದ, ಲೋಂಡಾ ಕಡೆಯಿಂದ, ಸದರ್ನ್ ಮರಾಠಾ ರೈಲ್ವೆ. ಎರಡೂ ಮೀಟರ್ ಗೇಜು. ಘಟ್ಟದ ನೆತ್ತಿಯಲ್ಲಿ ಅವು ಕೂಡಿದ ಜಾಗವೇ ನಮ್ಮೂರು. 1888ರ ಹೊತ್ತಿಗೆ ಗಾಡಿ ಇಲ್ಲಿಗೆ ಮುಟ್ಟಿತ್ತು. ಹೆಸರೂ ಇಂಗ್ಲಿಷಿನದೇ. ಕೋಟೆಯಂಥ ಬಂಡೆ ಕಂಡು ಹಾಗೆ ಕರೆದರು ಎಂದು ಹಿರಿಯರು ಹೇಳುವರು. ಇಲ್ಲಿಂದ ಕುಳೆಗೆ ಇಳಿಯುವ ಹಾದಿಗೆ ಪೋರ್ಚುಗೀಸ್ ರಾಜಮನೆತನದ ಹೆಸರು, ಬ್ರಗಾಂಜಾ ಘಾಟಿ. ಕಾರಂಜೋಳ, ದೂಧಸಾಗರ, ಸೋನಾಲಿ ದಾಟುತ್ತ ಸುರಂಗ ಹೊಕ್ಕು ಹೊರಟು, ಜಲಪಾತದ ಮೈಗೇ ಅಂಟಿದ ಸೇತುವೆಯ ಮೇಲೆ ಹಾಯುತ್ತದೆ. ಕಡಿದಾದ ಕಡೆ 37 ಅಡಿ ನಡೆದರೆ ಒಂದು ಅಡಿ ಇಳಿಜಾರು. ಎತ್ತಿನ ಗಾಡಿಗೆ ಇದೇನು ಮಹಾ ಅನ್ನಬಹುದು. ಉಕ್ಕಿನ ಮೇಲೆ ಉಕ್ಕು ಉರುಳುವ ರೈಲಿಗೆ ಅದು ಪ್ರಾಣದ ಮಾತು. ಜೋರು ಮಳೆಯಲ್ಲಿ, ಮಲೇರಿಯಾಕ್ಕೆ ಹೆಸರಾದ ಸೂಪಾ ಕಾಡಿನಲ್ಲಿ ಬಂಡೆ ಒಡೆದವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಇಳಿಯುವ ಗಾಡಿಯ ಬ್ರೇಕ್ ಇಲ್ಲಿಯೇ ನೋಡಬೇಕು. ಏರುವ ಗಾಡಿಯನ್ನು ಹಿಂದಿನಿಂದ ನೂಕಿಕೊಂಡು ಬಂದ ಬ್ಯಾಂಕರ್ ಎಂಜಿನ್ ಇಲ್ಲಿಯೇ ಬಿಚ್ಚಬೇಕು. ಅದಕ್ಕೆ ಜನ ಬೇಕು, ಜನಕ್ಕೆ ಕ್ವಾರ್ಟರ್ಸು, ಕ್ವಾರ್ಟರ್ಸಿಗೆ ಕಿರಾಣಿ ಅಂಗಡಿ. ಸಾಲದ್ದಕ್ಕೆ 1892ರಲ್ಲಿ ಒಪ್ಪಂದ ಮುಗಿದು ಸುಂಕ ಮರಳಿ ಬಂತು. ಕೆಳಗೆ ಕುಳೆಯಲ್ಲಿ ಪೋರ್ಚುಗೀಸರ ತಪಾಸಣೆ, ಮೇಲೆ ನಮ್ಮಲ್ಲಿ ಬ್ರಿಟಿಷರದು. ಮುಂಬಯಿಗೆ ದುಡಿಯಲು ಹೊರಟ ಗೋವೆಯವರು ಟ್ರಂಕು ಬಿಚ್ಚಿ ತೋರಿಸುತ್ತ ಪ್ಲಾಟ್‌ಫಾರ್ಮಿನಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದರಂತೆ. ಆ ಹೊತ್ತಿನಲ್ಲಿ ಚಹಾ, ಬಾಳೆಹಣ್ಣು, ಉಸಳಿ ಮಾರಿ ಎಷ್ಟೋ ಮನೆಗಳು ಬದುಕಿದವು. ನನ್ನ ಅಜ್ಜಿಯದೂ ಅಂಥದೇ ಒಂದು ಬುಟ್ಟಿ.

1955ರಲ್ಲಿ ಗೋವೆಯ ಜೊತೆ ವ್ಯವಹಾರ ಕಡಿದುಹೋಗಿ ಗಾಡಿಗಳು ಘಾಟಿ ಇಳಿಯುವುದು ನಿಂತಿತು. ನನಗಾಗ ಐದು ವರ್ಷ. ಸುಂಕದ ಕಟ್ಟೆಯ ಮೇಲೆ ನಾವು ಮಕ್ಕಳು ಗಜಗ ಆಡುತ್ತಿದ್ದೆವು, ಯಾರೂ ಗದರಿಸುತ್ತಿರಲಿಲ್ಲ. ಅಜ್ಜಿ ಬುಟ್ಟಿಯನ್ನು ಅಟ್ಟಕ್ಕೇರಿಸಿದಳು. ಅಪ್ಪ ಮಾತ್ರ, ಗಾಡಿ ಹಾಯದ ಹಳಿಯನ್ನೂ ತಮ್ಮ ಹದ್ದಿನ ತನಕ ನೋಡಿ ಬರುತ್ತಿದ್ದರು. ತುಕ್ಕು ಹಿಡಿದ ಹಳಿಯ ಸದ್ದು ಬೇರೆಯಾಗಿರುತ್ತದೆ ಅಂತ ಒಂದು ದಿನ ನನ್ನ ಕೈಗೂ ಸುತ್ತಿಗೆ ಕೊಟ್ಟು ಕೇಳಿಸಿದರು. ಮೊಂಡಾದ, ಕೆಮ್ಮಿದಂಥ ಸದ್ದು. ಇಂದಿಗೂ ಕಿವಿಯಲ್ಲಿದೆ.

1961ರ ಡಿಸೆಂಬರಿನಲ್ಲಿ ಗೋವಾ ಬಿಡುಗಡೆಯಾಯಿತು, ಆಮೇಲೆ ಗಾಡಿ ಮತ್ತೆ ಇಳಿಯಿತು. ಗಡಿಯೇ ಇಲ್ಲವಾದ್ದರಿಂದ ಸುಂಕದವರು ಬರಲಿಲ್ಲ. ನಿಲ್ಲುವ ಹೊತ್ತು ಕಿರಿದಾಯಿತು, ಅಂಗಡಿಗಳು ಒಂದೊಂದಾಗಿ ಮುಚ್ಚಿದವು. 1990ರ ದಶಕದಲ್ಲಿ ಮೀಟರ್ ಗೇಜು ಹೋಗಿ ಬ್ರಾಡ್ ಗೇಜು ಬಂತು.

ಹೋದ ಮಳೆಗಾಲ ಮೊಮ್ಮಗನನ್ನು ಕರೆದುಕೊಂಡು ಹೋಗಿದ್ದೆ. ಘಾಟಿ ಇಳಿಯಬೇಕಿದ್ದ ಗೂಡ್ಸ್ ಗಾಡಿ ಮಂಜಿನಲ್ಲಿ ನಿಂತಿತ್ತು. ರೇನ್‌ಕೋಟಿನ ಇಬ್ಬರು ಡಬ್ಬಿಯಿಂದ ಡಬ್ಬಿಗೆ ಬಗ್ಗಿ ಬ್ರೇಕ್ ನೋಡುತ್ತ ಹೋದರು. ಅವರು ಕೊನೆಯ ಡಬ್ಬಿ ಮುಟ್ಟುವ ತನಕ ನಾವಿಬ್ಬರೂ ಚಹಾ ಕುಡಿದೆವು.