ನಡುರಾತ್ರಿಯ ಸರಕು, ಪೈಲಟ್‌ನ ದಣಿವು

ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ, ಹಿರಿಯೂರು ತಾಲ್ಲೂಕಿನ ಆದಿವಾಲದ ಆಸುಪಾಸಿನಲ್ಲಿ, ರಾತ್ರಿ ಎರಡು ಗಂಟೆ ಎಂದರೆ ಲಾರಿಗಳ ಹೊತ್ತು. ಚಾಲಕರಿಗೆ ಜೋಂಪು ಹತ್ತುವುದೂ ಆಗಲೇ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ದುಡಿಮೆಯ ಮಿತಿ ಹಾಕಿತ್ತು; ಐದು ಗಂಟೆ ಒಂದೇ ಸಮನೆ ದುಡಿದವನಿಗೆ ಅರ್ಧ ಗಂಟೆ ಬಿಡುವು ಕೊಡಬೇಕೆನ್ನುತ್ತಿತ್ತು. ಲೋಡು ಮಾತ್ರ ಬೆಳಗಾಗುವುದರೊಳಗೆ ಊರು ಮುಟ್ಟಬೇಕು. ಅದೇ ಹೊತ್ತಿನಲ್ಲಿ, ಅದೇ ಒತ್ತಡದಲ್ಲಿ ಆಕಾಶದಲ್ಲೂ ಸರಕು ಓಡುತ್ತಿರುತ್ತದೆ. ಅದನ್ನು ಓಡಿಸುವವರ ಅಸಮಾಧಾನವನ್ನು ಸಂಬಳದ ತಕರಾರು ಎಂದಷ್ಟೇ ಬಗೆದು ಬದಿಗಿಡುವುದು ತಪ್ಪು. ವಿಮಾನ ಸಂಸ್ಥೆಯ ಸ್ಥಿತಿಗತಿಯ ಬಗ್ಗೆ ಎಲ್ಲರಿಗಿಂತ ಮೊದಲು ಸಿಗುವ ಪುರಾವೆ ಅದು.

ಸರಕು ವಿಮಾನಗಳು ರಾತ್ರಿಯೇ ಏಕೆ ಹಾರುತ್ತವೆ? 1973ರ ಏಪ್ರಿಲ್ 17ರಂದು ಅಮೆರಿಕದ ಮೆಂಫಿಸ್‌ನಿಂದ ಫೆಡರಲ್ ಎಕ್ಸ್‌ಪ್ರೆಸ್ 14 ಪುಟ್ಟ ವಿಮಾನಗಳಲ್ಲಿ 186 ಪೊಟ್ಟಣಗಳನ್ನು 25 ಊರುಗಳಿಗೆ ಕಳಿಸಿತು. ಅಂದು ನೆಲೆಯೂರಿದ ಪದ್ಧತಿಯೇ ಇಂದಿಗೂ ನಡೆದಿದೆ. ಸಂಜೆಯವರೆಗೆ ಊರೂರಿನ ಪೊಟ್ಟಣ ಕೂಡಿಸಿ, ನಡುರಾತ್ರಿ ಒಂದೇ ಕೇಂದ್ರಕ್ಕೆ ತಂದು, ಅಲ್ಲಿ ವಿಂಗಡಿಸಿ, ನಸುಕಿಗೆ ಮುನ್ನ ಮತ್ತೆ ಹೊರಡಿಸುವುದು. ಒಂದು ವಿಮಾನ ತಡವಾದರೆ ಉಳಿದವೆಲ್ಲ ಕಾಯಬೇಕು, ಇಲ್ಲವೇ ಅದರ ಸರಕು ಬಿಟ್ಟು ಹೊರಡಬೇಕು. ಹೀಗಾಗಿ ಯಾವ ವಿಮಾನ ಕೊಳ್ಳಬೇಕು, ಬಿಡಿಭಾಗ ಎಲ್ಲಿಡಬೇಕು, ಎಷ್ಟು ಪೈಲಟ್‌ಗಳು ಸಾಕು ಎಂದು ಆಡಳಿತ ಹಗಲಿನಲ್ಲಿ ಮಾಡಿದ ತೀರ್ಮಾನದ ಭಾರವೆಲ್ಲ ರಾತ್ರಿ ಮೂರು ಗಂಟೆಗೆ ಕಾಕ್‌ಪಿಟ್‌ನಲ್ಲಿ ಕುಳಿತ ಇಬ್ಬರ ಮೇಲೆ ಬೀಳುತ್ತದೆ.

ಈ ಪದ್ಧತಿಯನ್ನು ಇಲ್ಲಿ ನೆಲೆಗೊಳಿಸಲು ಹೊರಟವರಲ್ಲಿ ಕನ್ನಡಿಗರೊಬ್ಬರೂ ಇದ್ದರು. ಏರ್ ಡೆಕ್ಕನ್ ಕಟ್ಟಿದ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2009ರಲ್ಲಿ ಬೆಂಗಳೂರಿನಿಂದ ‘ಡೆಕ್ಕನ್ 360’ ಆರಂಭಿಸಿದರು. ನಾಗಪುರ ಅದರ ಕೇಂದ್ರ. ದೂರದ ದಾರಿಗೆ ಏರ್‌ಬಸ್ ಎ310, ಹತ್ತಿರದ ಊರುಗಳಿಗೆ ಎಟಿಆರ್. ಭೂಪಟ ನೋಡಿದರೆ ದೇಶದ ನಡುವಿನ ನಾಗಪುರಕ್ಕಿಂತ ಒಳ್ಳೆಯ ಜಾಗ ಹುಡುಕುವುದು ಕಷ್ಟ. ಆದರೆ ಎ310ರ ತಯಾರಿಕೆ 1998ರಲ್ಲೇ ನಿಂತಿತ್ತು. ಇಂಥ ಜಾಲಕ್ಕೆ ಮೊದಲ ದಿನದಿಂದಲೇ ಪೂರ್ತಿ ಖರ್ಚು. ಸರಕು ತುಂಬಿ ಬರುವುದು ನಿಧಾನ. 2010ರಲ್ಲಿ ರಿಲಯನ್ಸ್ ಬಂಡವಾಳ ಹೂಡಿದರೂ 2011ರಲ್ಲಿ ಹಾರಾಟ ನಿಂತಿತು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಕಂಪನಿಯನ್ನು ಮುಚ್ಚಲು ಆದೇಶಿಸಿತು.

ಏರ್ ಡೆಕ್ಕನ್ ಹೋಗಿ ಸೇರಿದ್ದ ಕಿಂಗ್‌ಫಿಷರ್ ಪ್ರಯಾಣಿಕರ ಸಂಸ್ಥೆ, ನಿಜ. ಆದರೂ ಅದರ ಕಥೆ ಇಲ್ಲಿ ಪ್ರಸ್ತುತ. ತಿಂಗಳುಗಟ್ಟಲೆ ಸಂಬಳ ಕಾಣದ ಎಂಜಿನಿಯರುಗಳು ಮತ್ತು ಪೈಲಟ್‌ಗಳು ಕೆಲಸ ನಿಲ್ಲಿಸಿದ ಮೇಲೆ, 2012ರ ಅಕ್ಟೋಬರ್ 20ರಂದು, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಅದರ ಪರವಾನಗಿ ಅಮಾನತು ಮಾಡಿತು. ಸಿಬ್ಬಂದಿಯ ಕೂಗು ಎದ್ದು ಆಗಲೇ ತಿಂಗಳುಗಳು ಕಳೆದಿದ್ದವು.

ದಣಿವಿನ ಪ್ರಶ್ನೆ ಇದಕ್ಕಿಂತ ಗಂಭೀರ. 2009ರ ಫೆಬ್ರುವರಿಯಲ್ಲಿ ಅಮೆರಿಕದ ಬಫಲೋ ಬಳಿ ಕಾಲ್ಗನ್ ಏರ್ ವಿಮಾನ ಬಿದ್ದ ಮೇಲೆ ಅಲ್ಲಿನ ಸರ್ಕಾರ ಪೈಲಟ್‌ಗಳ ವಿಶ್ರಾಂತಿಯ ನಿಯಮ ಬಿಗಿಗೊಳಿಸಿತು. 2014ರ ಜನವರಿ 4ರಿಂದ ಅದು ಜಾರಿಯಾಯಿತು. ಸರಕು ಸಂಸ್ಥೆಗಳನ್ನು ಮಾತ್ರ ಹೊರಗಿಟ್ಟರು. ಸಿಗುವ ಪ್ರಯೋಜನಕ್ಕಿಂತ ತಗಲುವ ವೆಚ್ಚ ಹೆಚ್ಚು ಎಂಬುದು ಕೊಟ್ಟ ಕಾರಣ. ವಿಮಾನದಲ್ಲಿರುವ ತಲೆ ಎಣಿಸಿ ಹಾಕಿದ ಈ ಲೆಕ್ಕವನ್ನು ಒಪ್ಪಲಾಗದು: ದೇಹದ ಗಡಿಯಾರಕ್ಕೆ ಹಿಂದೆ ಕುಳಿತವರು ಜನವೋ ಪೊಟ್ಟಣವೋ ಗೊತ್ತಾಗುವುದಿಲ್ಲ.

ನಿಯಮ ಜಾರಿಗೆ ಬರುವ ಮುನ್ನವೇ, 2013ರ ಆಗಸ್ಟ್ 14ರ ನಸುಕಿನಲ್ಲಿ, ಅಮೆರಿಕದ ಸರಕು ಸಂಸ್ಥೆ ಯುಪಿಎಸ್‌ನ ಏರ್‌ಬಸ್ ಎ300 ವಿಮಾನ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ರನ್‌ವೇ ಮುಟ್ಟದೆ ನೆಲಕ್ಕಪ್ಪಳಿಸಿತು. ಪೈಲಟ್‌ಗಳಿಬ್ಬರೂ ತೀರಿಕೊಂಡರು. ಸರಕು ಪೈಲಟ್‌ಗಳಿಗೊಂದು, ಪ್ರಯಾಣಿಕರ ಪೈಲಟ್‌ಗಳಿಗೊಂದು ವಿಶ್ರಾಂತಿಯ ನಿಯಮವೇಕೆ ಎಂದು ಅವರು ಅದೇ ಯಾನದಲ್ಲಿ ಮಾತಾಡಿಕೊಂಡದ್ದು ಧ್ವನಿಮುದ್ರಿಕೆಯಲ್ಲಿ ಉಳಿದಿತ್ತು. ತನಿಖೆ ಒಬ್ಬರ ಮೇಲಷ್ಟೇ ಹೊರೆ ಹೊರಿಸಲಿಲ್ಲ. ಅಸ್ಥಿರವಾದ ಇಳಿಕೆಯನ್ನು ಮುಂದುವರಿಸಿದ್ದು, ಎತ್ತರದ ಮೇಲೆ ಗಮನ ತಪ್ಪಿದ್ದು ಮುಖ್ಯ ಕಾರಣ. ಇಬ್ಬರ ದಣಿವು, ಅಪೂರ್ಣ ಹವಾಮಾನ ಮಾಹಿತಿ ಅದಕ್ಕೆ ಕೂಡಿಕೊಂಡವು. ಸಹಪೈಲಟ್ ಬಿಡುವಿನ ವೇಳೆಯನ್ನು ನಿದ್ದೆಗೆ ಸರಿಯಾಗಿ ಬಳಸಿಕೊಂಡಿರಲಿಲ್ಲ ಎಂದೂ ವರದಿ ಹೇಳಿತು. ಅದನ್ನು ಮರೆಮಾಚಬೇಕಿಲ್ಲ. ಹಗಲು ಮಲಗಿ ರಾತ್ರಿ ಎಚ್ಚರವಿರುವ ಪಾಳಿ ಎಷ್ಟು ಕಷ್ಟವೆಂಬುದಕ್ಕೂ ಅದು ಸಾಕ್ಷಿಯೇ.

ಮನುಷ್ಯನಂತೆ ಲೋಹವೂ ದಣಿಯುತ್ತದೆ. 2025ರ ನವೆಂಬರ್ 4ರಂದು ಅಮೆರಿಕದ ಲೂಯಿವಿಲ್‌ನಲ್ಲಿ ಯುಪಿಎಸ್‌ನದೇ ಎಂಡಿ-11 ವಿಮಾನ ಮೇಲೇಳುವಾಗ ಎಡ ಎಂಜಿನ್ ಕಳಚಿ ಬಿತ್ತು. ಮೂವರು ಸಿಬ್ಬಂದಿಯ ಜೊತೆಗೆ ನೆಲದ ಮೇಲಿದ್ದವರೂ ಸತ್ತರು. 34 ವರ್ಷ ಹಳೆಯ ಆ ವಿಮಾನದ ಎಂಜಿನ್ ಜೋಡಣೆಯ ಭಾಗದಲ್ಲಿ ಲೋಹದ ದಣಿವಿನ ಬಿರುಕುಗಳಿದ್ದವೆಂದು ಪ್ರಾಥಮಿಕ ವರದಿ ತಿಳಿಸಿತು. ಜನರನ್ನು ಹೊತ್ತು ಹಳತಾದ ವಿಮಾನಕ್ಕೆ ಸರಕು ತುಂಬುವುದು ಈ ಉದ್ಯಮದ ಹಳೆಯ ರೂಢಿ. ಅದು ತಾನಾಗಿ ಅಪಾಯವಲ್ಲ. ತಪಾಸಣೆಗೆ ಬೇಕಾದ ಹೊತ್ತನ್ನು ವೇಳಾಪಟ್ಟಿ ನುಂಗಿದಾಗ ಅಪಾಯ.

ಭಾರತದಲ್ಲಿ ಡಿಜಿಸಿಎ 2024ರ ಜನವರಿಯಲ್ಲಿ ನಿಗದಿತ ವಿಮಾನಯಾನದ ಪೈಲಟ್‌ಗಳ ಡ್ಯೂಟಿ ನಿಯಮ ತಿದ್ದಿತು. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು, ‘ರಾತ್ರಿ’ಯ ಲೆಕ್ಕ ಬೆಳಗಿನ 5ರ ಬದಲು 6ರವರೆಗೆ ಚಾಚಿತು. ಸಂಸ್ಥೆಗಳು ಮೂರು ತಿಂಗಳಿಗೊಮ್ಮೆ ದಣಿವಿನ ವರದಿ ಕೊಡಬೇಕೆಂದಾಯಿತು. ನಿಯಮ ಪೂರ್ತಿ ಜಾರಿಗೆ ಬರಲು 2025ರ ನವೆಂಬರ್ ಆಯಿತು. ಮರುತಿಂಗಳೇ ಇಂಡಿಗೊ ವಿಮಾನಗಳು ಸಾಲುಸಾಲಾಗಿ ರದ್ದಾಗಿ, ಆ ಸಂಸ್ಥೆಗೆ ರಾತ್ರಿ ಡ್ಯೂಟಿಯ ನಿಯಮದಿಂದ ತಾತ್ಕಾಲಿಕ ವಿನಾಯಿತಿ ಕೊಡಲಾಯಿತು. ಪೈಲಟ್‌ಗಳ ಸಂಖ್ಯೆಯನ್ನು ಮೊದಲೇ ಲೆಕ್ಕ ಹಾಕಬೇಕಾದದ್ದು ಆಡಳಿತ. ಅದರ ಕೊರತೆಗೆ ಸಡಿಲವಾದದ್ದು ವಿಶ್ರಾಂತಿಯ ನಿಯಮ.

ಪೈಲಟ್‌ಗಳ ದೇಹಸ್ಥಿತಿಯನ್ನು ಅಧ್ಯಯನ ಮಾಡಲು 1957ರಿಂದಲೂ ಬೆಂಗಳೂರಿನಲ್ಲಿ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಿದೆ. ಬೇಕಾದ ವಿದ್ಯೆ ನಮ್ಮ ಬಾಗಿಲಲ್ಲೇ ಇದೆ. ರಾತ್ರಿ ಸರಕು ಹಾರಾಟದ ದಣಿವಿನ ವರದಿಗಳನ್ನು ಹೆಸರು ಅಳಿಸಿ, ಪ್ರತ್ಯೇಕವಾಗಿ, ಸಂಶೋಧಕರ ಕೈಗೆ ಕೊಡಬೇಕು. ‘ಇಂದು ಹಾರಲಾರೆ’ ಎಂದ ಪೈಲಟ್‌ಗೆ ಶಿಕ್ಷೆಯಾಗದಂತೆ ಡಿಜಿಸಿಎ ಕಾವಲಿರಬೇಕು.